ರುಚಿ ನೋಡದೆ ಕಲಿತ ಥಾಯ್ ಅಡಿಗೆ

ಅಡಿಗೆ ಎಂಬುದು ಬಹಳ ಸುಲಭದ ವಿದ್ಯೆ ಎಂದು ನಾನು ಐವತ್ತೊಂದು ವರ್ಷ ನಂಬಿದ್ದೆ. ಆ ನಂಬಿಕೆಗೆ ಗಟ್ಟಿ ಕಾರಣವೂ ಇತ್ತು. ನಾನು ಒಮ್ಮೆಯೂ ಅಡಿಗೆ ಮಾಡಿರಲಿಲ್ಲ!

ಇಂಥ ನಾನು ಅಡಿಗೆ ಕಲಿತದ್ದು ಬ್ಯಾಂಕಾಕಿನಲ್ಲಿ. ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ವರ್ಷ ಅದು. ನಮ್ಮ ಕಲಬುರಗಿಯ ಜಗತ್ ವೃತ್ತದ ಹತ್ತಿರ ಟ್ರಾವೆಲ್ಸಿನವನೊಬ್ಬ ನಾಲ್ಕು ದಿನದ ಥಾಯ್ಲೆಂಡ್ ಪ್ರವಾಸದ ಬೋರ್ಡು ಹಾಕಿದ್ದ. ಹೆಂಡತಿ ಸುಧಾ ಮಂತ್ರಾಲಯ ಸಾಕು ಎಂದಳು. ನಾನು ವಿಮಾನವೇ ಬೇಕು ಎಂದೆ. ಕಡೆಗೆ ಕಲಬುರಗಿಯಿಂದ ಹದಿನಾರು ಮಂದಿ ಹೈದರಾಬಾದಿನವರೆಗೆ ಬಸ್ಸಿನಲ್ಲೂ ಅಲ್ಲಿಂದ ಮುಂದೆ ವಿಮಾನದಲ್ಲೂ ಹೊರಟೆವು. ಸುಧಾಳ ಚೀಲದಲ್ಲಿ ನಾಲ್ಕು ದಿನಕ್ಕಾಗುವಷ್ಟು ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಇದ್ದವು. ಬಟ್ಟೆಗೆ ಜಾಗ ಸಾಲದೆ ನನ್ನ ಎರಡು ಅಂಗಿ ಕಲಬುರಗಿಯಲ್ಲೇ ಉಳಿದವು.

ಮೂರನೇ ದಿನದ ಕಾರ್ಯಕ್ರಮ ಅಡಿಗೆ ತರಗತಿ. ಸುಮ್ಮನೆ ನೋಡುವುದಲ್ಲ, ನಾವೇ ಕೈಯಾರೆ ಕುಟ್ಟಿ, ಹೆಚ್ಚಿ, ಕುದಿಸಿ ಕಲಿಯಬೇಕು. ಸುಧಾ ಹೋಟೆಲಿನ ಮಂಚದ ಮೇಲೆ ಕಾಲು ಚಾಚಿ ಮಲಗಿಬಿಟ್ಟಳು.

"ಇಪ್ಪತ್ತೈದು ವರ್ಷ ಒಲಿ ಮುಂದ ನಿಂತೀನಿ. ಸೂಟಿ ಒಳಗೂ ಒಲಿ ಮುಂದ ನಿಲ್ಲಲಿಕ್ಕೆ ನಾ ಒಲ್ಲೆ. ನೀವ ಹೋಗಿ ಕಲ್ತು ಬರ್ರಿ" ಎಂದಳು.

ಟಿಕೆಟ್ಟಿನಲ್ಲಿ ಸೇರಿದ್ದನ್ನು ಬಿಡುವುದು ನಮ್ಮ ವಂಶದಲ್ಲಿಲ್ಲ. ಹೋದೆ.

ಅಲ್ಲಿ ಒಂದು ಉದ್ದನೆಯ ಶೆಡ್ಡು, ಆರು ಮೇಜು, ಮೇಜಿಗೆ ಇಬ್ಬಿಬ್ಬರು. ಸಸ್ಯಾಹಾರದ ಮೇಜು ಒಂದೇ. ಅದಕ್ಕೆ ನಾನು ಮತ್ತು ನಮ್ಮ ಗುಂಪಿನಿಂದ ಬಂದ ಇನ್ನೊಬ್ಬರು, ಖಲೀಲ್ ಸಾಹೇಬರು. ಉಳಿದ ಮೇಜುಗಳಲ್ಲೆಲ್ಲ ಬಿಳಿಯರು. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಸುಧಾಳಿಗೆ ನಾನು ಕೊಡಿಸಿದ ಸೀರೆಗಳೆಲ್ಲ ಅಲ್ಲಿಯವೇ. ಮಾಂಸ ಹಲಾಲ್ ಹೌದೋ ಅಲ್ಲವೋ ಎಂಬ ಅನುಮಾನಕ್ಕೆ ಅವರೂ ನಾಲ್ಕು ದಿನದ ಮಟ್ಟಿಗೆ ತರಕಾರಿಯವರಾಗಿದ್ದರು.

ಕಲಿಸುವಾಕೆಯ ಹೆಸರು ನೊಯ್. ಎತ್ತರ ನನ್ನ ಭುಜದಷ್ಟು, ದನಿ ಮಾತ್ರ ಡ್ರಿಲ್ ಮಾಸ್ತರರದು. ಹಸಿರು ಮೆಣಸಿನಕಾಯಿಯ ಮಸಾಲೆ ಕುಟ್ಟಿ ತೆಂಗಿನ ಹಾಲಿನಲ್ಲಿ ಕುದಿಸುವ ಒಂದು ಪದಾರ್ಥ ಅಂದಿನ ಪಾಠ. ಕುಟ್ಟುವ ತನಕ ನಾನೇ ಮುಂದು. ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದ ಬಿಳಿಯರ ನಡುವೆ ಕಲಬುರಗಿಯವನೊಬ್ಬ ನಿಶ್ಚಿಂತೆಯಿಂದ ಒನಕೆ ಆಡಿಸುವುದನ್ನು ನೊಯ್ ಎರಡು ಸಲ ನಿಂತು ನೋಡಿದಳು. ನನಗೆ ಸೊಕ್ಕು ಬಂತು.

ಆಮೇಲೆ ಆಕೆ ಸ್ಟೀಲಿನ ಚಮಚ ಎತ್ತಿ ಹಿಡಿದು ನಿಯಮ ಹೇಳಿದಳು. ಥಾಯ್ ಅಡಿಗೆಗೆ ಅಳತೆ ಇಲ್ಲ, ನಾಲಿಗೆಯೇ ಅಳತೆ. ಉಪ್ಪು, ಹುಳಿ, ಸಿಹಿ, ಖಾರ ನಾಲ್ಕೂ ಸಮ ಆಗುವವರೆಗೆ ರುಚಿ ನೋಡುತ್ತ ನೋಡುತ್ತ ಹಾಕಬೇಕು. ಯಾರು ಆಕೆಯ ಎದುರಿಗೆ ರುಚಿ ನೋಡುವುದಿಲ್ಲವೋ ಅವರಿಗೆ ಸರ್ಟಿಫಿಕೇಟ್ ಇಲ್ಲ.

ನನ್ನ ಸೊಕ್ಕು ಅಲ್ಲೇ ಇಳಿಯಿತು. ನಮ್ಮದು ವೈಷ್ಣವರ ಮನೆ. ದೇವರಿಗೆ ನೈವೇದ್ಯ ಆಗುವ ಮೊದಲು ಅಡಿಗೆ ಮಾಡಿದವರು ರುಚಿ ನೋಡುವ ಪದ್ಧತಿಯೇ ಇಲ್ಲ. ನೋಡಿದರೆ ಇಡೀ ಪಾತ್ರೆ ಎಂಜಲು. ನಮ್ಮಜ್ಜಿ ಅಂಥ ಒಂದು ಪಾತ್ರೆ ಹುಳಿಯನ್ನು ಅನಾಮತ್ತಾಗಿ ಬಚ್ಚಲಿಗೆ ಸುರಿದದ್ದು ನನಗೆ ನೆನಪಿದೆ. ನಾನು ಅಡಿಗೆ ಮಾಡಿದವನಲ್ಲ, ನಿಜ. ಆದರೆ ಮಾಡದ ಅಡಿಗೆಯ ಮಡಿಯೂ ಮೈಯಲ್ಲಿ ಇಳಿದಿರುತ್ತದೆ.

ಜೊತೆಗೆ ಆ ಚಮಚ! ನೊಯ್ ಮೊದಲನೇ ಮೇಜಿನ ಸಿಗಡಿಯಲ್ಲಿ ಅದನ್ನು ಅದ್ದಿದಳು, ಅಲ್ಲಿದ್ದ ಹೆಂಗಸಿನ ಬಾಯಿಗಿಟ್ಟಳು, ನೀರಲ್ಲಿ ಆಡಿಸಿದಳು, ಎರಡನೇ ಮೇಜಿನ ಕೋಳಿಯಲ್ಲಿ ಅದ್ದಿದಳು. ನಮ್ಮದು ನಾಲ್ಕನೇ ಮೇಜು. ಆಕೆ ಮೂರನೆಯದಕ್ಕೆ ಬಂದಾಗ ನಾನು ಬಾಗಿಲು ಹುಡುಕಿದೆ. ಓಡಿ ಹೋಗಲು ಬಾಗಿಲು ಆಕೆಯ ಹಿಂದೆಯೇ ಇತ್ತು.

"ಖಲೀಲ್ ಸಾಹೇಬ್ರ, ನಾ ರುಚಿ ನೋಡೋ ಹಂಗಿಲ್ಲ" ಎಂದು ಪಿಸುಗುಟ್ಟಿದೆ.

"ಕ್ಯಾ ಪಂಡಿತ್‌ಜೀ, ರೋಜಾ, ಉಪವಾಸ ಐತೇನ್ರಿ ನಿಮ್ದು?"

"ಹಂಗ ತಿಳ್ಕೋರಿ."

ಅವರು ಅಂಗಿಯ ತೋಳು ಮೇಲೆತ್ತಿದರು. ನೊಯ್ ಚಮಚ ಎತ್ತುವ ಮೊದಲೇ ನಮ್ಮ ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದರು. ಕಣ್ಣು ಮುಚ್ಚಿದರು. "ನಮಕ್ ಜರಾ" ಎಂದರು. ನಾನು ಉಪ್ಪು ಹಾಕಿದೆ. ಮತ್ತೆ ನೆಕ್ಕಿದರು. "ನಿಂಬೂ." ಹಿಂಡಿದೆ. "ಶಕ್ಕರ್. ಬಸ್, ಬಸ್, ನಕ್ಕೋ." ಕೈ ಹಿಂದೆ ತೆಗೆದೆ. ಆಮೇಲೆ ಅವರು ನೊಯ್ ಕಡೆ ತಿರುಗಿ ತಮ್ಮ ನಾಲಿಗೆಯನ್ನೂ ನನ್ನ ಕೈಯನ್ನೂ ತೋರಿಸಿ, ಇಬ್ಬರೂ ಸೇರಿ ಒಬ್ಬ ಅಡಿಗೆಯವ ಎಂದು ಬೆರಳಿನಲ್ಲೇ ತಿಳಿಸಿದರು. ಆಕೆ ನಕ್ಕಳು. ತಾನೂ ಅಂಗೈ ಒಡ್ಡಿ ನಮ್ಮ ಸೌಟಿನಿಂದಲೇ ಒಂದು ಹನಿ ರುಚಿ ನೋಡಿದಳು. ಹೆಬ್ಬೆರಳು ಎತ್ತಿದಳು!

ಮನಸ್ಸಿನಲ್ಲೇ ಕೃಷ್ಣಾರ್ಪಣ ಎಂದು ನಾನೂ ಅದನ್ನು ಅನ್ನಕ್ಕೆ ಹಾಕಿಕೊಂಡು ಉಂಡೆ. ಸತ್ಯವಾಗಿ ಹೇಳುತ್ತೇನೆ, ಅಮೃತವಾಗಿತ್ತು.

ಹೋಟೆಲಿಗೆ ಬಂದು ಸುಧಾಳಿಗೆ ಸರ್ಟಿಫಿಕೇಟ್ ತೋರಿಸಿದೆ. ಹೆಬ್ಬೆರಳಿನ ವಿಷಯ ವಿವರವಾಗಿ ಹೇಳಿದೆ. ಖಲೀಲ್ ಸಾಹೇಬರ ನಾಲಿಗೆಯ ವಿಷಯ ಹೇಳಲಿಲ್ಲ. ಸುಳ್ಳು ಹೇಳಿದೆ ಅಂತಲ್ಲ, ಸತ್ಯದಲ್ಲಿ ಒಂದು ತುಂಡು ನನಗೆಂದು ಉಳಿಸಿಕೊಂಡೆ ಅಷ್ಟೇ.

ಆ ತುಂಡು ಶ್ರಾವಣದಲ್ಲಿ ಗಂಟಲಿಗೆ ಸಿಕ್ಕಿಕೊಂಡಿತು. ಸುಧಾಳ ತವರು ಕಮಲಾಪುರ. ಅವಳ ಅಣ್ಣ ಶ್ರೀಪಾದ ಸತ್ಯನಾರಾಯಣ ಪೂಜೆಗೆ ಕರೆಯಲು ಬಂದವನು ನಮ್ಮ ಪಡಸಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟ್ ನೋಡಿದ.

"ಈ ಸಲ ಒಂದು ಪದಾರ್ಥ ನಿಮ್ಮ ಕೈದೇ ಆಗಬೇಕು ನೋಡ್ರಿ, ಭಾವಾಜಿ."

"ಅದೇನ್ ದೊಡ್ಡ ಮಾತು" ಎಂದೆ. ಹೆಬ್ಬೆರಳು ಇನ್ನೂ ನನ್ನ ಕಣ್ಣ ಮುಂದಿತ್ತು.

ಅವನು ಹೋದ ಮೇಲೆ ಸುಧಾ ಬಾಗಿಲು ಹಾಕಿ ನನ್ನ ಎದುರಿಗೆ ಕೂತಳು.

"ಪದ್ಮಾ ವೈನಿ ಬಾಯಿ ನಿಮಗ ಗೊತ್ತದ" ಎಂದಳು. ಪದ್ಮಾ ವೈನಿ ಎಂದರೆ ಶ್ರೀಪಾದನ ಹೆಂಡತಿ. "ನಾವು ಬ್ಯಾಂಕಾಕಿಗೆ ಹೋಗಿ ಬಂದಾಗಿಂದ ಎಲ್ಲಾರ ಮುಂದ ಒಂದ ಮಾತು. ಸುಧಾಗೇನು, ಗಂಡ ವಿಮಾನದಾಗ ಕೂಡಿಸ್ತಾನ, ಅಡಿಗಿನೂ ಮಾಡಿ ಹಾಕ್ತಾನ, ಆಕಿ ರಾಣಿ ಅಂತ. ನಾಳೆ ಏನರ ಹೆಚ್ಚುಕಡಿಮಿ ಆತು ಅಂದ್ರ, ಮೂವತ್ತು ಎಲಿ ಮುಂದ ತಲಿ ತಗ್ಗಸೋದು ನಾನು, ನೀವಲ್ಲ. ನನ್ನ ತವರಿನ್ಯಾಗ ನನ್ನ ಮಾನ ಕಳೀಬ್ಯಾಡ್ರಿ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ನನಗೆ ಮೊದಲ ಸಲ ಹೆದರಿಕೆಯಾಯಿತು.

ಸೂಪರ್ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ, ಹಸಿಮೆಣಸು, ಶುಂಠಿ ಕೊಂಡೆ. ನೊಯ್ ಹಾಕಿಸಿದ್ದ ನಿಂಬೆ ವಾಸನೆಯ ಹುಲ್ಲಿನ ಬದಲಿಗೆ ಪಕ್ಕದ ಮನೆಯವರು ಚಹಾಕ್ಕೆಂದು ಕುಂಡದಲ್ಲಿ ಬೆಳೆಸಿದ್ದ ಗವತಿ ಚಹಾ ಹುಲ್ಲು ಕಿತ್ತುಕೊಂಡೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೈಬಿಟ್ಟೆ. ಬಾಕಿ ಉಳಿದದ್ದು ಥಾಯ್ ಹೌದೋ ಅಲ್ಲವೋ ಎಂದು ಕೇಳುವವರು ಕಮಲಾಪುರದಲ್ಲಿ ಯಾರೂ ಇಲ್ಲವೆಂಬ ಧೈರ್ಯದಿಂದ ಬಸ್ಸು ಹತ್ತಿದೆವು.

ಪೂಜೆಯ ದಿನ ತಲೆಗೆ ನೀರು ಹಾಕಿಕೊಂಡು ಮಡಿ ಉಟ್ಟು ಅಡಿಗೆಮನೆಗೆ ಹೋದೆ. ಬಾಗಿಲಲ್ಲಿ ಮಣೆ ಹಾಕಿಕೊಂಡು ನಮ್ಮತ್ತೆ ಅಂಬಾಬಾಯಿ ಕೂತಿದ್ದರು. ವಯಸ್ಸು ಎಪ್ಪತ್ತೆಂಟು, ಕಣ್ಣಿಗೆ ಕನ್ನಡಕವಿಲ್ಲ. ಅವರ ದೃಷ್ಟಿ ನನ್ನ ಕೈಯನ್ನೇ ಹಿಂಬಾಲಿಸುತ್ತಿತ್ತು. ಪಡಸಾಲೆಯಲ್ಲಿ ಭಟ್ಟರು ಕತೆ ಶುರು ಮಾಡಿದ್ದರು. ಅಧ್ಯಾಯ ಐದು. ಐದು ಮುಗಿದರೆ ನೈವೇದ್ಯ. ಒಂದೊಂದು ಅಧ್ಯಾಯ ಮುಗಿದಾಗಲೂ ಗಂಟೆ ಬಾರಿಸುತ್ತಿದ್ದರು.

ಎರಡನೇ ಗಂಟೆಗೆ ತೆಂಗಿನ ಹಾಲು ಕುದಿಯಿತು. ಬಣ್ಣ ಸರಿಯಾಗಿಯೇ ಬಂದಿತ್ತು. ಮುಂದೇನು? ನಾಲ್ಕು ರುಚಿ ಸಮ ಆಗಬೇಕು. ಅಳತೆ ಇಲ್ಲ, ನಾಲಿಗೆಯೇ ಅಳತೆ. ನನ್ನ ನಾಲಿಗೆ ಬಾಯೊಳಗೆ ಇತ್ತು. ಅತ್ತೆ ಬಾಗಿಲಲ್ಲಿದ್ದರು.

ಪಾತ್ರೆಯ ಮೇಲೆ ಬಗ್ಗಿ ಮೆಲ್ಲಗೆ ಉಸಿರು ಎಳೆದುಕೊಂಡೆ.

"ಮೂಸಬ್ಯಾಡ್ರಿ. ಮೂಸಿದ್ರೂ ಅರ್ಧ ಊಟ ಮಾಡಿಧಂಗ."

ತಲೆ ಎತ್ತಿದೆ. ಸೌಟಿನಿಂದ ಒಂದು ಹನಿ ನನ್ನ ಬೆರಳಿನ ಮೇಲೆ ತಾನಾಗಿಯೇ ಬಿತ್ತು. ದೇವರಾಣೆ, ತಾನಾಗಿಯೇ. ಆ ಬೆರಳನ್ನು ನಾನು ನೋಡಿದೆ. ಅತ್ತೆಯೂ ನೋಡಿದರು.

"ಅಲ್ಲಿ ನೀರದ, ಕೈ ತೊಳ್ಕೋರಿ" ಎಂದರು.

ಮೂರನೇ ಗಂಟೆ ಬಾರಿಸಿತು. ಇನ್ನು ಖಲೀಲ್ ಸಾಹೇಬರೇ ಗತಿ. ಒಂದು ಅಳತೆ ಮರೆತಿದೆ, ನನ್ನ ಜೊತೆ ಕಲಿತವರನ್ನು ಕೇಳಬೇಕು ಎಂದು ಶ್ರೀಪಾದನಿಗೆ ಅಂಗಡಿಯ ನಂಬರು ಕೊಟ್ಟೆ. ಅವನು ನಡುಮನೆಯ ಫೋನು ತಿರುಗಿಸತೊಡಗಿದ. ನಾನು ಧೈರ್ಯ ಮಾಡಿ ಒಂದು ಹಿಡಿ ಉಪ್ಪು ಮುಷ್ಟಿಯಲ್ಲಿ ಹಿಡಿದೆ.

"ಭಾವಾಜಿ, ಲೈನ್ ಹತ್ತಿತು, ಲಗೂನ ಬರ್ರಿ!"

ಓಡಿದೆ. ಮಡಿಯಲ್ಲಿ ಫೋನು ಮುಟ್ಟುವಂತಿಲ್ಲ. ಶ್ರೀಪಾದ ನನಗೆ ತಗುಲದಂತೆ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ. ಹೀಗಾಗಿ ನಾನೂ ಕೂಗಬೇಕಾಯಿತು, ಅವರೂ ಕೂಗಬೇಕಾಯಿತು.

"ಖಲೀಲ್ ಸಾಹೇಬ್ರ, ಉಪ್ಪು ಎಷ್ಟು ಹಾಕಿದ್ದೆವ್ರಿ ಆವತ್ತು?"

"ಚಖ್ ಕೇ ದೇಖೋ ನಾ ಪಂಡಿತ್‌ಜೀ, ರುಚಿ ನೋಡ್ರಿ!"

"ನೋಡೋ ಹಂಗಿಲ್ರಿ. ಅಂದಾಜು ಹೇಳ್ರಿ."

"ಇಲ್ಲಿ ಅಂಗಡ್ಯಾಗ ಕೂತು ನಾ ಹೆಂಗ ಹೇಳ್ಲಿ? ಉಸ್ ದಿನ್ ಬೀ ಮೈಂಚ್ ಚಖಾ ಥಾ, ನಾನ ರುಚಿ ನೋಡಿದ್ದೆ! ನೀವು ಒಂದು ಹನಿನೂ ಬಾಯಿಗೆ ಹಾಕಿಲ್ಲ. ನಾಲಿಗಿ ನಂದು, ಸರ್ಟಿಫಿಕೇಟ್ ನಿಮ್ದು!"

ಅವರು ಪ್ರೀತಿಯಿಂದ ದೊಡ್ಡದಾಗಿ ನಕ್ಕರು. ಆ ನಗು ನಡುಮನೆ ದಾಟಿ ಪಡಸಾಲೆಗೆ ಹೋಯಿತು. ಅಲ್ಲಿ ಭಟ್ಟರು ಆಗ ತಾನೇ ಸುಳ್ಳು ಹೇಳಿ ಕೆಟ್ಟ ವ್ಯಾಪಾರಿಯ ಭಾಗಕ್ಕೆ ಬಂದಿದ್ದರು. ಅವರು ಒಂದು ಕ್ಷಣ ನಿಲ್ಲಿಸಿ ಮುಂದುವರಿಸಿದರು. ಹೆಂಗಸರ ಸಾಲಿನಲ್ಲಿ ಪದ್ಮಾ ವೈನಿ ಸುಧಾಳ ಕಡೆ ತಿರುಗಿದರು. ಸುಧಾ ನನ್ನ ಕಡೆ ನೋಡಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಒಲೆಯ ಮುಂದೆ ಮರಳಿ ಬಂದು ಮುಷ್ಟಿ ಬಿಚ್ಚಿದೆ. ಖಾಲಿ.

ಉಪ್ಪು ಎಲ್ಲಿ ಹೋಯಿತು? ಪಾತ್ರೆಗೆ ಹಾಕಿ ಓಡಿದೆನೇ, ಅಥವಾ ಭರಣಿಗೆ ವಾಪಸು ಹಾಕಿ ಓಡಿದೆನೇ? ನೆಲದ ಮೇಲೆ ಹುಡುಕಿದೆ. ಒಂದು ಹರಳೂ ಇಲ್ಲ. ಭರಣಿ ಇಣುಕಿದೆ. ಉಪ್ಪಿನ ಮುಖದಲ್ಲಿ ಏನೂ ಬರೆದಿರಲಿಲ್ಲ. ಒಂದು ಹನಿ ನಾಲಿಗೆಗೆ ತಗುಲಿದರೆ ಎರಡು ನಿಮಿಷದಲ್ಲಿ ಇತ್ಯರ್ಥವಾಗುವ ಮೊಕದ್ದಮೆ. ಆ ಒಂದು ಹನಿಗೆ ಅತ್ತೆಯ ಕಾವಲು.

"ಅತ್ತಿ, ನಾ ಉಪ್ಪು ಹಾಕಿದ್ದು ನೀವು ನೋಡಿದ್ರೇನು?"

"ನೀವು ಓಡಿದ್ದು ನೋಡೀನಿ" ಎಂದರು.

ನಾಲ್ಕನೇ ಗಂಟೆ. ಉಪ್ಪಿಲ್ಲದ ನೈವೇದ್ಯವೋ ಉಪ್ಪು ಹೆಚ್ಚಾದ ನೈವೇದ್ಯವೋ ಎಂದು ತೂಗಿ ನೋಡಿದೆ. ಉಪ್ಪಿಲ್ಲದ್ದು ಸೂತಕದ ಮನೆಯ ಅಡಿಗೆ. ಉಪ್ಪು ಹಾಕಿದೆ. ಹಾಕುವಾಗ ಇನ್ನಷ್ಟು ಇರಲಿ ಅನಿಸಿತು. ಇನ್ನಷ್ಟು ಹಾಕಿದೆ. ಐದನೇ ಗಂಟೆ ಬಾರಿಸಿತು.

"ನೈವೇದ್ಯ ತರ್ರಿ" ಎಂದರು ಭಟ್ಟರು.

ದೇವರು ಏನೂ ಅನ್ನಲಿಲ್ಲ. ಅದು ದೇವರ ದೊಡ್ಡತನ.

ಮೂವತ್ತು ಎಲೆಗೂ ನಾನೇ ಬಡಿಸಿದೆ. ಮೊದಲ ತುತ್ತು ಬಾಯಿಗೆ ಹೋಯಿತು. ಭಟ್ಟರು ನೀರಿನ ಲೋಟ ಎತ್ತಿ ಕೆಳಗಿಡದೆ ಕುಡಿದರು. ಶ್ರೀಪಾದನ ಕಣ್ಣು ದೊಡ್ಡದಾಯಿತು. ಪ್ರಸಾದವನ್ನು ಎಲೆಯಲ್ಲಿ ಬಿಡುವಂತಿಲ್ಲ, ಹಿರಿಯರು ಏಳುವವರೆಗೆ ಏಳುವಂತಿಲ್ಲ. ಎಲ್ಲರೂ ಅತ್ತೆಯ ಮುಖ ನೋಡಿದರು. ಸುಧಾ ತಲೆ ತಗ್ಗಿಸಿ ಕೂತಿದ್ದಳು. ತವರಿನಲ್ಲಿ ಅವಳು ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ಅಂಬಾಬಾಯಿಯವರು ತುತ್ತು ನುಂಗಿದರು. ಮಗಳ ಕಡೆ ತಿರುಗಿದರು.

"ಸುಧಾ, ಇವರ ಕೂಡ ಇಪ್ಪತ್ತೈದು ವರ್ಷ ಹೆಂಗ ಸಂಸಾರ ಮಾಡಿದಿವಾ? ನಮಗ ಒಂದ್ ಮಾತು ಹೇಳಿಲ್ಲಲ್ಲ."

ಮೊದಲು ನಕ್ಕವರು ಪದ್ಮಾ ವೈನಿ. ಆಮೇಲೆ ಭಟ್ಟರು. ಆಮೇಲೆ ಇಡೀ ಪಂಕ್ತಿ. ಸುಧಾ ತಲೆ ಎತ್ತಿದಳು. ನೋಡುತ್ತಾ ನೋಡುತ್ತಾ ಅವಳೂ ನಕ್ಕಳು. ಅತ್ತೆ ನನ್ನ ಕಡೆ ತಿರುಗಿ, "ಆ ಸಾಹೇಬ್ರನ್ನ ಒಮ್ಮೆ ಊಟಕ್ಕ ಕರ್ಕೊಂಡು ಬರ್ರಿ. ಪಾಪ, ನಾಲಿಗಿ ಛಲೋ ಅದ" ಎಂದರು.

ಆ ಮಧ್ಯಾಹ್ನ ಪೂರ್ತಿ ತವರಿನ ಹೆಂಗಸರು ಸುಧಾಳನ್ನು ಸುತ್ತುವರಿದು ಕೂತಿದ್ದರು. ಅವಳ ತಾಳ್ಮೆ, ಅವಳ ಕಷ್ಟ, ಅವಳ ಇಪ್ಪತ್ತೈದು ವರ್ಷದ ತಪಸ್ಸು ಇವನ್ನೆಲ್ಲ ಆಕಳಿಗೆ ಮೇವು ಹಾಕಿದಷ್ಟು ಪ್ರೀತಿಯಿಂದ ಕೇಳಿ ತಿಳಿದುಕೊಂಡರು. ಅವಳೂ ಸಂಕೋಚವಿಲ್ಲದೆ ಹೇಳಿದಳು. ನಾನು ಹಿತ್ತಲಲ್ಲಿ ಆ ಪಾತ್ರೆ ತಿಕ್ಕುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ.

ಹೊರಡುವಾಗ ಪದ್ಮಾ ವೈನಿ ತಮ್ಮ ಟ್ರಂಕು ತೆಗೆದು ಒಂದು ಹೊಸ ಇಳಕಲ್ ಸೀರೆ ತಂದು ಸುಧಾಳ ಉಡಿಯಲ್ಲಿಟ್ಟರು.

"ತಗೋ. ನೀ ಆರಾಮಿದ್ದಿ ಅಂತ ಇಷ್ಟು ದಿನ ನಾನ ತಪ್ಪು ತಿಳ್ಕೊಂಡಿದ್ದೆ" ಎಂದರು. ಅವರ ದನಿ ಸ್ವಲ್ಪ ಭಾರವಾಗಿತ್ತು.

ಬಸ್ಸಿನಲ್ಲಿ ಸುಧಾ ಕಿಟಕಿಯ ಪಕ್ಕ ಕೂತಳು. ನನ್ನ ತೊಡೆಯ ಮೇಲೆ ಅತ್ತೆ ಕೊಟ್ಟ ಕೆಂಪು ಬಾಳೆಯ ಗೊನೆ. ನಾನು ಕ್ಷಮೆ ಕೇಳಲು ಮಾತು ಕೂಡಿಸುತ್ತಿದ್ದೆ. ಅವಳು ಸೀರೆಯ ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ಮತ್ತೆ ಮಡಚಿ ಚೀಲದಲ್ಲಿಟ್ಟಳು.

"ದೀಪಾವಳಿಗೆ ಸೊಲ್ಲಾಪುರಕ್ಕ ಅಕ್ಕನ ಮನಿಗೆ ಹೋಗೋದದ" ಎಂದಳು. "ಅಲ್ಲೂ ಒಂದ್ ಸಲ ನೀವ ಅಡಿಗಿ ಮಾಡ್ರಿ."

ಸೊಲ್ಲಾಪುರದ ಅಕ್ಕ ಕೊಡುವುದು ಯಾವಾಗಲೂ ರೇಷ್ಮೆ ಸೀರೆ.