ಜಂಬಪ್ಪನ ಪೆಟ್ಟಿಗೆಯ ತೂತು

ಸುವರ್ಣಮ್ಮನ ಮಗಳನ್ನು ಗಂಡಿನವರು ಒಪ್ಪಿದ ಸುದ್ದಿ ಓಣಿಗೆಲ್ಲ ಗೊತ್ತಾದ ಮೇಲೆ, ಕಟ್ಟಕಡೆಗೆ ಸುವರ್ಣಮ್ಮನಿಗೆ ಗೊತ್ತಾಯಿತು. ನಲ್ಲಿಯ ಹತ್ತಿರ ಯಾರೋ "ಹೋಳಿಗಿ ಊಟ ಯಾವಾಗವ್ವಾ?" ಎಂದು ಕೇಳಿದ್ದೇ ತಡ, ಕೊಡವನ್ನು ಅಲ್ಲೇ ಬಿಟ್ಟು ಜಂಬಪ್ಪನ ಮನೆಗೆ ನುಗ್ಗಿದಳು.

ಅದು ತೊಂಬತ್ತೆಂಟನೆಯ ಇಸವಿ. ಹೊಸಪೇಟೆಯ ಕಾಲುವೆ ದಂಡೆಯ ಆ ಓಣಿಯಲ್ಲಿ ಗುಮಾಸ್ತ ಜಂಬಪ್ಪ ಹಳೆಯ ಕಂಪ್ಯೂಟರೊಂದನ್ನು ತಂದು, ಪಡಸಾಲೆಯಲ್ಲಿಟ್ಟು, ಟೆಲಿಫೋನಿನ ತಂತಿ ಸಿಕ್ಕಿಸಿದ್ದ. ದೋಣಿಮಲೈ ಕ್ವಾರ್ಟರ್ಸಿನಲ್ಲಿದ್ದ ಅವನ ಷಡ್ಡಕನ ಮನೆಯಲ್ಲೂ ಅಂಥದೇ ಒಂದು. ಓಣಿಯವರಿಗೆ ಅಲ್ಲಿಯ ನಂಟರು ಬರೆಸಿದ ಕಾಗದಗಳನ್ನು ಷಡ್ಡಕ ಫೋನಿನ ತಂತಿಯಲ್ಲೇ ಕಳಿಸುತ್ತಿದ್ದ. ಅವು ಜಂಬಪ್ಪನ ಪೆಟ್ಟಿಗೆಯಲ್ಲಿ ಮನೆಗೊಂದು ಖಾನೆಯಂತೆ ಬಂದು ಕೂರುತ್ತಿದ್ದವು. ಓಣಿಯವರು ಬಂದು ತಮ್ಮ ಗುಟ್ಟಿನ ಮಾತು ಒತ್ತಿದರೆ ಖಾನೆ ತೆರೆಯುತ್ತಿತ್ತು. ಕಚೇರಿಯಲ್ಲಿ 'ಲೇ ಜಂಬ್ಯಾ' ಎನ್ನಿಸಿಕೊಳ್ಳುವವನು ಇದರ ದೆಸೆಯಿಂದ ಓಣಿಯಲ್ಲಿ 'ಕಂಪ್ಯೂಟರ್ ಜಂಬಣ್ಣಾರು' ಆಗಿದ್ದ.

"ಏನಣ್ಣಾ, ನಿನ್ನ ಪೆಟ್ಟಿಗಿಗೆ ತೂತು ಬಿದ್ದೈತೇನು? ಸಂಜಿ ಒಳಗ ಬಂದೋಬಸ್ತ್ ಮಾಡು. ಇಲ್ಲಂದ್ರ ವಾಯರ್ ಕಿತ್ತು ಕಾಲುವಿಗೆ ಒಗಿತೀನಿ!" ಎಂದಳು ಸುವರ್ಣಮ್ಮ.

ಕಳ್ಳನನ್ನು ಹುಡುಕಬೇಕಾಗಲಿಲ್ಲ. ಎದುರುಮನೆಯ ಕೆಂಚಣ್ಣ ತಾನೇ ಬಾಗಿಲಲ್ಲಿ ನಿಂತಿದ್ದ.

"ನಾನ ಓದಿದ್ದು. ಆಕಿ ಗುಟ್ಟಿನ ಮಾತು ಆಕಿ ಮನಿದೇವರ ಹೆಸರು. ಯಾರ ಮನಿದೇವರು ಯಾರಂತ ಈ ಓಣ್ಯಾಗ ಯಾರಿಗೆ ಗೊತ್ತಿಲ್ಲಪ್ಪ?"

ವಿಚಾರಿಸಿದರೆ ಏಳು ಮನೆಗೂ ಮನೆದೇವರೇ ಕಾವಲು! ಜಂಬಪ್ಪ ತಲೆ ಮೇಲೆ ಕೈ ಹೊತ್ತ.

"ದೇವರ ಹೆಸರು ಬ್ಯಾಡ್ರಿ."

"ದೇವರನ್ನ ಬಿಟ್ಟು ನಿನ್ನ ನಂಬಬೇಕೇನು?" ಎಂದಳು ಮೂಲೆಮನೆಯ ಮುದುಕಿ ದುರುಗವ್ವ.

ಆಗಲೆಂದು ಅಂಕಿ ಇಡಿಸಿದ. ಎಲ್ಲರೂ ರೇಷನ್ ಕಾರ್ಡಿನ ನಂಬರೇ ಇಟ್ಟರು. ಅದನ್ನು ತಿಂಗಳಿಗೊಮ್ಮೆ ಸೊಸೈಟಿಯವನು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಕೊನೆಗೆ ಜಂಬಪ್ಪನೇ ತಲೆಬುಡವಿಲ್ಲದ ಅಕ್ಷರಗಳನ್ನು ಚೀಟಿಗಳಲ್ಲಿ ಬರೆದು ಮಡಚಿ ಹಂಚಿದ.

"ಬಾಯಿಪಾಠ ಮಾಡ್ರಿ, ಚೀಟಿ ಒಲಿಗೆ ಹಾಕ್ರಿ."

ಸುವರ್ಣಮ್ಮ ಎರಡೇ ನಿಮಿಷಕ್ಕೆ ತಿರುಗಿ ಬಂದಳು. "ಒಲಿಗೆ ಹಾಕಿದೆ. ಈಗ ಏನ್ ಬಾಯಿಪಾಠ ಮಾಡ್ಬೇಕು?"

ಅವಳಿಗೆ ಇನ್ನೊಂದು ಚೀಟಿ ಬರೆಯುವಷ್ಟರಲ್ಲಿ ಕೆಂಚಣ್ಣ ಜಗುಲಿಯ ಮೇಲೆ ಕೂತು ತನ್ನದನ್ನು ಮಗ್ಗಿಯಂತೆ ಒದರುತ್ತಿದ್ದ. ಅವನ ಬಾಯಿ ಮುಚ್ಚಿಸಿ ಹೊಸದು ಕೊಡುವ ಹೊತ್ತಿಗೆ ಜಂಬಪ್ಪನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಪೆಟ್ಟಿಗಿಗೆ ಮಾಡೋ ಉಪಚಾರ ನನಗ ಮಾಡಿದ್ರ ನಾನೂ ಮಾತಾಡ್ತಿದ್ದೆ," ಎಂದು ಹೆಂಡತಿ ವಿರುಪಮ್ಮ ಒಳಗಿನಿಂದ ರೊಟ್ಟಿ ಬಡಿದಳು.

ಮಧ್ಯಾಹ್ನ ಪರೀಕ್ಷೆ. ಸುವರ್ಣಮ್ಮನ ಖಾನೆ ತೆರೆಯಲು ಕೆಂಚಣ್ಣ ಹಂಪಿಯಿಂದ ಸಂಡೂರಿನವರೆಗಿನ ದೇವರನ್ನೆಲ್ಲ ಒತ್ತಿದ. ಆಕೆಯ ಎಮ್ಮೆಯ ಹೆಸರನ್ನೂ ಒತ್ತಿದ. ಪೆಟ್ಟಿಗೆ ಮುನಿದ ಅತ್ತೆಯಂತೆ ತುಟಿ ಬಿಚ್ಚಲಿಲ್ಲ. ಅವನು ಸೋತು ಎದ್ದಾಗ ಜಂಬಪ್ಪ ಮೀಸೆಯ ಮೇಲೆ ಕೈಯಾಡಿಸಿದ.

ನಾಲ್ಕಕ್ಕೆ ಸುವರ್ಣಮ್ಮನಿಗೆ ಇನ್ನೊಂದು ಕಾಗದ ಬಂತು. ಬಂದು ಓದಿಕೊಂಡು ಹೋದಳು. ಓಣಿ ಗಪ್‌ಚಿಪ್. ಜಂಬಪ್ಪ ಚಹಾ ಕುಡಿಯುತ್ತ, ಹೊಗಳುವವರು ಬರಲೆಂದು ಬಾಗಿಲು ತೆರೆದಿಟ್ಟ.

ದೀಪ ಹಚ್ಚುವ ಹೊತ್ತಿಗೆ ಬಂದರು, ಇಡೀ ಓಣಿಯೇ. ಮುಂದೆ ಸುವರ್ಣಮ್ಮ; ಮುಖ ಕೆಂಡ.

"ಗಂಡಿನವರು ಹುಡುಗಿಗೆ ರೇಷ್ಮಿ ಸೀರಿ, ನಾಕು ಬಳಿ ತರ್ತೀವಂತ ಬರಸ್ಯಾರ. ಸಂಜಿಮಟ ಹೊಸ್ತಿಲಾಗ ಕುಂತೀನಿ, ಒಂದು ನರಪಿಳ್ಳಿ ಕೇಳಾಕ ಬರ್ಲಿಲ್ಲ!"

"ನೀವ ಹೇಳ್ಬೇಕಿತ್ತಲ್ಲಕ್ಕ?" ಎಂದ ಜಂಬಪ್ಪ.

"ನನ್ನ ಬಾಯಿಲೆ ನಾನ ಹೇಳಿಕೊಂಡ್ರ ಬಡಾಯಿ ಅಂತಾರ. ಯಾರಾರ ಕದ್ದು ಓದಿ ಹೇಳಿದ್ರ ಅದು ಮರ್ಯಾದಿ!"

"ಮತ್ತ ಮುಂಜಾನೆ ಬೈದದ್ದು?"

"ಓದಿದ್ದಕ್ಕ ಬೈದೆನೇನು? ನನಗಿಂತ ಮೊದಲು ಓದಿದ್ದಕ್ಕ ಬೈದೆ."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಯಾರೂ ಕದ್ದು ಓದದ ಕಾಗದ ಇದ್ದರೆಷ್ಟು ಬಿಟ್ಟರೆಷ್ಟು ಎಂದಳು ದುರುಗವ್ವ. ನಾಳೆ ಬೆಳಗಾಗುವುದರೊಳಗೆ ಮೊದಲಿನಂತೆ ತೂತು ಮಾಡಬೇಕು, ಇಲ್ಲವಾದರೆ ವಾಯರು ಕಾಲುವೆಗೆ ಎಂದು ತೀರ್ಮಾನವಾಯಿತು.

ಎಲ್ಲರೂ ಚದುರಿದ ಮೇಲೆ ಕೆಂಚಣ್ಣ ಮಾತ್ರ ಹಿಂದೆ ಉಳಿದು, ಜಂಬಪ್ಪನ ಕಿವಿಯ ಹತ್ತಿರ ಬಗ್ಗಿದ.

"ತೂತು ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಜರಡಿಯಂಗ ಮಾಡಣ್ಣಾ. ದೋಣಿಮಲೈದಾಗ ಓದೋ ನನ್ನ ಮಗ ಮತ್ತ ಫೇಲಾಗ್ಯಾನಂತ ನಿನ್ನೆ ಕಾಗದ ಬಂದೈತಿ, ಅದು ಮಾತ್ರ ಒಳಗ ನಿಲ್ಲಬೇಕು ನೋಡು."