ಮಚ್ಚೆಯ ನಂಬರು

ಹಸುಗೂಸು ಮಗಳ ಮೈ ಒರೆಸುವಾಗ ಕತ್ತಿನ ಹಿಂದೆ ಕೆಂಪು ಮಚ್ಚೆ ಕಂಡು ಅವನು ಟವೆಲ್ಲನ್ನೇ ಕೈಬಿಟ್ಟ. ಬೇರೆ ಅಪ್ಪಂದಿರಾಗಿದ್ದರೆ ಕೆಂಪು ಎಂದು ಸುಮ್ಮನಾಗುತ್ತಿದ್ದರು. ಇವನು ಪೇಂಟ್ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಬಣ್ಣ ಬೆರೆಸುವವನು. ಅವನ ಪಾಲಿಗೆ ಕೆಂಪು ಒಂದಲ್ಲ, ನಲವತ್ತು. ಬಣ್ಣ ಗಾಢವಾದಷ್ಟೂ ನಂಬರು ಏರುವ ಶೇಡ್ ಕಾರ್ಡ್ ತಂದು ಪಕ್ಕದಲ್ಲಿಟ್ಟು ನೋಡಿದ. ನಾಲ್ಕನೇ ನಂಬರು.

"ರೀ, ಇಲ್ಲಿ ಕೇಳಿ..." ಎಂದಳು ಹೆಂಡತಿ.

"ತಡಿಯೇ, ನಂಗೆ ಕೈಕಾಲೇ ಆಡ್ತಿಲ್ಲ."

ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ಕನ್ನಡಕ ಏರಿಸಿಕೊಂಡು ಬಂದರು. "ನಮ್ಮ ಕಡೆ ಒಂದು ಮಗೂಗೆ ಹೀಗೇ ಚುಕ್ಕೆ ಇತ್ತಪ್ಪ. ಎರಡು ತಿಂಗಳಲ್ಲಿ ಸ್ಟ್ರಾಬೆರಿ ಥರ ಉಬ್ಬಿತು."

"ಉಬ್ಬಲ್ಲ," ಎಂದ ಎದುರುಮನೆಯ ಟೈಲರ್, ಯಾರೂ ಕೇಳದಿದ್ದರೂ. "ಇಂಕು ಚೆಲ್ಲಿದ ಹಾಗೆ ಹರಡಿರುತ್ತೆ. ಸಾಯೋವರೆಗೂ ಹೋಗಲ್ಲ."

ಅವನು ಬೆರಳಿನಿಂದ ಒತ್ತಿ ನೋಡಿದ. ಮಗು ಕಿರುಚಿತು. ಕಾರ್ಡ್ ಹಿಡಿದರೆ ಏಳನೇ ನಂಬರು. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿದ, ಒಂಬತ್ತು. ಹೀಗೇ ಹೋದರೆ ಮಧ್ಯಾಹ್ನದೊಳಗೆ ಕಾರ್ಡೇ ಮುಗಿಯುತ್ತದೆಂದು ಹೆಂಡತಿಯನ್ನೂ ಮಗುವನ್ನೂ ಹೊರಡಿಸಿಕೊಂಡು ಆಸ್ಪತ್ರೆಗೆ ಓಡಿದ. ದಾರಿಯಲ್ಲೂ ಅವಳು "ರೀ, ಒಂದು ಮಾತು" ಎಂದಳು. ಅವನಿಗೆ ಕೇಳುವ ವ್ಯವಧಾನವಿರಲಿಲ್ಲ.

ಮಕ್ಕಳ ಡಾಕ್ಟರಮ್ಮ ಮಚ್ಚೆ ನೋಡಿದರು, ಕಾರ್ಡನ್ನೂ ನೋಡಿದರು, ಅಜ್ಜಿ ಮತ್ತು ಟೈಲರ್ ಹೇಳಿದ್ದನ್ನೂ ಅವನಿಂದ ಕೇಳಿಸಿಕೊಂಡರು.

"ಅತ್ತಾಗ ಇದು ಕೆಂಪಾಗುತ್ತೆ. ಒತ್ತಿ ಒತ್ತಿ ಮಗೂನ ಅಳಿಸ್ತಾ ಇರೋದು ನೀವೇ. ಉಬ್ಬೋ ಜಾತಿ ಬೇರೆ. ಅದು ಕೆಲವು ತಿಂಗಳು ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತೆ. ಇಂಕು ಚೆಲ್ಲಿದ ಹಾಗಿರೋದು ಗಾಢವಾಗ್ತಾ ಹೋಗುತ್ತೆ, ಅದಕ್ಕೆ ತಪಾಸಣೆ ಬೇಕು. ಇದು ಅವೆರಡೂ ಅಲ್ಲ. ಕತ್ತಿನ ಹಿಂದಿನದು ಕೆಲವರಿಗೆ ಹಾಗೇ ಉಳಿಯುತ್ತೆ, ಕೂದಲಲ್ಲಿ ಮುಚ್ಚಿಹೋಗುತ್ತೆ. ಏನೂ ತೊಂದರೆ ಇಲ್ಲ."

"ಹಾಗೆ ಮಚ್ಚೆ ಉಳಿದಿರೋ ಒಬ್ಬರನ್ನ ತೋರಿಸಿ ಮೇಡಂ."

ಹೆಂಡತಿ ಅವನ ತಲೆ ಬಗ್ಗಿಸಿ, ಕತ್ತಿನ ಕೂದಲು ಎತ್ತಿದಳು. ಅಲ್ಲೂ ಅಂಥದೇ ಕೆಂಪು ಮಚ್ಚೆ. "ಬೆಳಗ್ಗೆಯಿಂದ ಇದನ್ನೇ ಹೇಳೋಕೆ ಬರ್ತಿದೀನಿ."

ಮನೆಗೆ ಬಂದ ಮೇಲೆ ಮಗು ಹಾಲು ಕುಡಿದು ಹಾಯಾಗಿ ಮಲಗಿತು. ಮಚ್ಚೆ ಮತ್ತೆ ನಾಲ್ಕಕ್ಕೆ ಇಳಿದಿತ್ತು. ಬಚ್ಚಲಿಗೆ ಹೋದ ಗಂಡ ಅರ್ಧ ಗಂಟೆಯಾದರೂ ಬರಲಿಲ್ಲ. ಅವಳು ಬಾಗಿಲು ತಳ್ಳಿದಳು. ಗೋಡೆಯ ಕನ್ನಡಿಗೆ ಬೆನ್ನು ಹಾಕಿ, ಒಂದು ಕೈಯಲ್ಲಿ ಪುಟ್ಟ ಕನ್ನಡಿ, ಇನ್ನೊಂದರಲ್ಲಿ ಶೇಡ್ ಕಾರ್ಡ್ ಹಿಡಿದು ನಿಂತಿದ್ದ. ಉಜ್ಜಿ ಉಜ್ಜಿ ಕತ್ತು ಕೆಂಡದಂತಾಗಿತ್ತು.

"ಒಳಗೆ ಬಂದಾಗ ಏಳನೇ ನಂಬರಿತ್ತು ಕಣೇ," ಎಂದ, ಕಾರ್ಡನ್ನು ಅವಳತ್ತ ಚಾಚಿ. "ಈಗ ಹದಿಮೂರು. ಆ ಡಾಕ್ಟರಮ್ಮ ದೊಡ್ಡೋರನ್ನೂ ನೋಡ್ತಾರಾ?"