ಹಳೇ ವರ್ಷನ್ನಿನ ಹಿರಿಯರು

ಕಂಪ್ಯೂಟರ್ ಇದ್ದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಅದು ರಾಯಬಾಗದ ಛಾಪಖಾನೆಯಲ್ಲಿದ್ದು, ಅದರ ಮುಂದೆ ನನ್ನಂಥ ಹಳ್ಳಿ ಸಾಲಿ ಕಲಿತವನು ಕುಳಿತಿದ್ದರಂತೂ ಒಂದು ವಾರವೂ ಸುಮ್ಮನೆ ಹೋಗುವುದಿಲ್ಲ. ನಾನು ದಿನಾ ವಿಭೂತಿ ಹಚ್ಚಿಕೊಂಡು ಬರುತ್ತೇನೆ, ಕಂಪ್ಯೂಟರಿಗೂ ಒಂದು ಬೊಟ್ಟು ಹಚ್ಚುತ್ತೇನೆ. ದೇವರು ಎಲ್ಲವನ್ನೂ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ನನಗೆ ಈಗಲೂ ಇದೆ. ಅಪ್‌ಡೇಟ್ ಒಂದನ್ನು ಮಾತ್ರ ಅವನು ನೋಡಿಕೊಳ್ಳುವುದಿಲ್ಲ.

ಆಡಿನ ತಿಥಿ

ನಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಕನ್ನಡ ಅಕ್ಷರ ಜೋಡಿಸುವುದು ಬ್ರೌಸರಿನೊಳಗೆ ತೆರೆಯುವ ಒಂದು ಹಳೆಯ ಪುಟದಲ್ಲಿ. ಆ ಪುಟ ಹಳೆಯ ಬ್ರೌಸರಿನ ಜೊತೆ ಮಾತ್ರ ಸಂಸಾರ ಮಾಡುತ್ತದೆ. ಇದು ನಮಗೆ ತಿಳಿದದ್ದು ಒಂದು ಮುಂಜಾನೆ ಬ್ರೌಸರ್ ಯಾರನ್ನೂ ಕೇಳದೆ ತಾನೇ ಹೊಸದಾಗಿ ಕುಳಿತಾಗ. ಅಕ್ಷರಗಳೆಲ್ಲ ಬಂದವು, ಅವುಗಳ ಕೆಳಗಿನ ಒತ್ತು ಒಂದೂ ಬರಲಿಲ್ಲ.

ಅಂದು ಪಾಲಬಾವಿಯ ರೈತರೊಬ್ಬರು ಅಜ್ಜನ ತಿಥಿಯ ಕಾರ್ಡು ಮಾಡಿಸಲು ಬಂದಿದ್ದರು. ತಲೆಯ ಮೇಲೆ 'ಶ್ರೀ ಗಣೇಶಾಯ ನಮಃ' ಎಂದು ಹೊಡೆದರೆ 'ಶೀ ಗಣೇಶಾಯ ನಮಃ' ಎಂದು ಬಂತು. ನಾನು ಗಲ್ಲ ಬಡಿದುಕೊಂಡು ಕೆಳಗೆ ನೋಡಿದರೆ 'ಅಜ್ಜನ ತಿಥಿ' ಹೋಗಿ 'ಅಜನ ತಿಥಿ' ಆಗಿತ್ತು. ಬಾಜೂಕ್ಕೆ ಕುಳಿತಿದ್ದ ಮಠದ ಅಯ್ಯನವರು ಸಂಸ್ಕೃತ ಬಲ್ಲವರು. ಅಜ ಅಂದರೆ ಆಡು, ಇವರು ಆಡಿನ ತಿಥಿ ಮಾಡಾಕತ್ತಾರ ಎಂದು ಅರ್ಥ ಬಿಡಿಸಿದರು.

ತಿದ್ದಿ ಕೊಡುತ್ತೇನೆ, ಎರಡು ದಿನ ತಡೆಯಿರಿ ಎಂದೆ. ರೈತರು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಹಂಗ ಇರ್ಲಿ ಬಿಡ್ರಿ," ಎಂದರು. "ಬರೇ ಅಜ್ಜ ಅಂದ್ರ ಹುಗ್ಗಿಗೆ ಯಾರೂ ಬರೂದಿಲ್ಲ. ಆಡು ಅಂದ್ರ ಊರ ಊರೇ ಬರ್ತೈತಿ."

ಮಾಲಕರಿಗಿಂತ ಹಿರಿಯರು

ಕಂಪ್ಯೂಟರ್ ರಿಪೇರಿಯವನು ನಿಪ್ಪಾಣಿಯಿಂದ ಬಂದ. ಅವನ ಮಾತು ಅರ್ಧ ಮರಾಠಿ, ಉಳಿದರ್ಧ ಕಂಪ್ಯೂಟರ್. ಹೊಸ ಬ್ರೌಸರ್ ಕಿತ್ತು ಹಳೆಯದನ್ನು ಕೂಡಿಸಿದ. ಒತ್ತುಗಳು ಮರಳಿ ಬಂದವು. ಆಮೇಲೆ ಕಪ್ಪು ಪರದೆಯ ಮೇಲೆ ಏನೋ ಒಂದು ಸಾಲು ಹೊಡೆದು, ಇದಕ್ಕೆ ಹೋಲ್ಡ್ ಹಾಕಿದ್ದೇನೆ, ಇನ್ನು ತಾನಾಗಿ ಹೊಸದಾಗುವುದಿಲ್ಲ, ಕಾಳಜಿ ಕರೂ ನಕಾ, ಅಂದರೆ ಚಿಂತೆ ಬೇಡ ಎಂದ.

ಚಿಂತೆ ಇದ್ದದ್ದು ನಮ್ಮ ಮಾಲಕರಿಗೆ. ಅವರ ಮಗಳಿಗೆ ಐಗಳಿಯ ಸಂಬಂಧ ಆಗಷ್ಟೇ ಕೂಡಿಬಂದಿತ್ತು. ಬೀಗರು ಹೆಸರಿನ ವಿಷಯದಲ್ಲಿ ಬಹಳ ಸೂಕ್ಷ್ಮದವರು. ಹಿಂದೊಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಸೋದರಮಾವನ ಹೆಸರಿನ ಕೆಳಗೆ ಬಂತೆಂದು ಆ ಲಗ್ನಕ್ಕೇ ಹೋಗದವರು. ಹೆಣ್ಣಿನ ತಂದೆಯದೇ ಛಾಪಖಾನೆ ಇದ್ದು ಪತ್ರಿಕೆಯಲ್ಲಿ ತಪ್ಪಾದರೆ ಲಗ್ನವೇ ಮುರಿದೀತು ಎಂದು ಮಾಲಕರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಅವರು, ಈಗ ಹಾಕಿದ್ದು ಯಾವುದು ಎಂದು ಕೇಳಿದರು.

"ಐವತ್ತೆರಡನೇ ವರ್ಷನ್ರಿ," ಎಂದ ನಿಪ್ಪಾಣಿಯವನು.

ಮಾಲಕರಿಗೆ ನಲವತ್ತೊಂಬತ್ತು. ಅವರು ಕಂಪ್ಯೂಟರನ್ನು ಒಮ್ಮೆ ಸುತ್ತು ಹಾಕಿ ನೋಡಿದರು. ಐವತ್ತೆರಡು ವರ್ಷವಾದರೂ ಕೂದಲು ಹಣ್ಣಾಗಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ವರ್ಷ ಬೇರೆ, ವರ್ಷನ್ ಬೇರೆ ಎಂದು ನಾನು ತಿಳಿಸಿ ಹೇಳಿದೆ. ಒಂದು 'ನ್' ಸಲುವಾಗಿ ಜಗಳ ಯಾಕೆ, ಹಿರಿಯರು ಹಿರಿಯರೇ ಎಂದು ಅವರು ಚಪ್ಪಲಿ ಹೊರಗೆ ಬಿಟ್ಟು ಬಂದರು.

ಅಂದಿನಿಂದ ದಿನಾ ಮುಂಜಾನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳುತ್ತಾರೆ: "ಅವ್ರು ಎದ್ದಾರೇನ್ರಿ?"

ಪಿನ್ನು

ಲಗ್ನಪತ್ರಿಕೆಯ ಕೆಲಸ ಸಮೀಪ ಬಂದಾಗ ನಿಪ್ಪಾಣಿಯವನಿಗೆ ಒಂದು ಅನುಮಾನ ಹುಟ್ಟಿತು. ಹೋಲ್ಡ್ ಹಾಕಿದರೂ ಬ್ರೌಸರ್ ನಡುನಡುವೆ 'ಹೊಸದಾಗಲೇ?' ಎಂದು ಕೇಳುತ್ತದೆ, ಯಾರಾದರೂ ಹೂಂ ಅಂದರೆ ಕೆಲಸ ಕೆಟ್ಟಿತು. ಪಿನ್ ಅಂತ ಇನ್ನೊಂದು ಬಿಗಿ ಇದೆ, ಅದನ್ನೂ ಹಾಕಿದರೆ ಅದು ಬಾಯಿಯನ್ನೇ ಬಿಡುವುದಿಲ್ಲ. ಇದನ್ನು ಹೇಳಲು ಅವನು ಫೋನ್ ಮಾಡಿದ, ಅದೂ ಹೊಸ ನಂಬರಿನಿಂದ. ಎತ್ತಿದವರು ಮಾಲಕರು.

ಅವನು 'ಮಾಲಕರ, ಕಂಪ್ಯೂಟರ್ ಮುಂದೆ ಕೂಡ್ರಿ, ಪಿನ್ ಹಾಕೋಣ' ಎಂದ.

ಪಿನ್ ಕೇಳುವವರ ಬಗ್ಗೆ ಬ್ಯಾಂಕಿನವರು ಹೇಳಿದ್ದೆಲ್ಲ ಮಾಲಕರಿಗೆ ಬಾಯಿಪಾಠ. ಅವರು ಮೊದಲು ಕನ್ನಡದಲ್ಲಿ ಬೈದರು. ಅದು ಸಾಲದೆ ಮರಾಠಿಗೆ ಹೋದರು. ಮರಾಠಿಯಲ್ಲೂ ಮುಗಿದ ಮೇಲೆ ಎರಡನ್ನೂ ಕೂಡಿಸಿ ಮತ್ತೊಮ್ಮೆ ಬೈದು ಫೋನ್ ಇಟ್ಟರು.

ಸಂಜೆ ಅವನು ನನಗೆ ಫೋನ್ ಮಾಡಿದ. ದನಿ ಸಣ್ಣಗಾಗಿತ್ತು.

"ಮಾಲಕರು ಪಿನ್ ಹೇಳ್ಲಿಲ್ರಿ," ಎಂದ. "ಉಳದದ್ದೆಲ್ಲಾ ಹೇಳಿದ್ರು."

ಮಾಲಕರು ತಣ್ಣಗಾದ ಮೇಲೆ ನೋಡೋಣ ಎಂದು ಪಿನ್ ಹಾಕುವುದು ಹಾಗೇ ಉಳಿಯಿತು.

ಸತ್ಯಪ್ಪನವರ ಅಪ್‌ಗ್ರೇಡು

ರವಿವಾರ ನಾನು ಮನೆಮಂದಿಯನ್ನು ಕರೆದುಕೊಂಡು ಮಂಗಸೂಳಿ ಮಲ್ಲಯ್ಯನ ದರ್ಶನಕ್ಕೆ ಹೋಗಿದ್ದೆ. ಪತ್ರಿಕೆ ಸುಸೂತ್ರವಾಗಿ ಆಗಲಿ ಎಂದೇ ಭಂಡಾರದ ಅರಿಶಿನ ಹಾರಿಸಿ ಬೇಡಿಕೊಂಡೆ. ಅತ್ತ ಅದೇ ಹೊತ್ತಿಗೆ, ಒಳ್ಳೆ ಮುಹೂರ್ತವಿದೆ ಎಂದು ಮಾಲಕರು ತಾವೇ ಕಂಪ್ಯೂಟರ್ ಹಚ್ಚಿ ಕುಳಿತಿದ್ದರು. ನಾನು ಜೋಡಿಸಿಟ್ಟ ಪತ್ರಿಕೆ ತೆರೆದು ಎರಡು ಪ್ರತಿ ತೆಗೆಯುವುದಷ್ಟೇ ಕೆಲಸ, ದೇವರಿಗೊಂದು, ಬೀಗರಿಗೊಂದು.

ಆಗ ಬ್ರೌಸರ್ ಕೇಳಿತು, ಹೊಸದಾಗಲೇ ಎಂದು.

"ಹಿರೇರು ತಾವಾಗೇ ಬಾಯಿ ಬಿಟ್ಟ ಕೇಳಿದ್ರು," ಎಂದು ಮಾಲಕರು ಮರುದಿನ ನನಗೆ ಹೇಳಿದರು. "ಇಲ್ಲಂತ ಹೆಂಗ ಅನ್ನೂದು?"

ಹೂಂ ಅಂದಿದ್ದರು. ಒತ್ತುಗಳು ಉದುರಿದ್ದವು. ಆದರೆ ಮಾಲಕರು ಗಾಬರಿಯಾಗಿರಲಿಲ್ಲ. ಒತ್ತಿಲ್ಲದ ಪತ್ರಿಕೆಯನ್ನೇ ಛಾಪಿಸಿ, ಶಾಯಿ ಪೆನ್ನು ತೆಗೆದುಕೊಂಡು, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಒತ್ತುಗಳನ್ನು ಮುತ್ತು ಪೋಣಿಸಿದ ಹಾಗೆ ಕೈಯಿಂದ ಬರೆದಿದ್ದರು. ಒಂದನ್ನು ದೇವರ ಜಗುಲಿಯ ಮೇಲಿಟ್ಟು, ಇನ್ನೊಂದನ್ನು ಛಾಪಖಾನೆಯ ಆಳಿನ ಕೈಲಿ ಐಗಳಿಗೆ ಕಳಿಸಿಯೂ ಆಗಿತ್ತು.

ನಾನು ಜಗುಲಿಯ ಮೇಲಿನ ಪತ್ರಿಕೆ ಎತ್ತಿ ಓದಿದೆ. ಬೀಗರ ಹೆಸರು ಸತ್ಯಪ್ಪ. ನಮ್ಮ ಕಡೆ ಬಾಯಿಮಾತಿನಲ್ಲಿ ಸತ್ಯಪ್ಪ ಎಂದು ಯಾರೂ ಅನ್ನುವುದಿಲ್ಲ, ಸತ್ತೆಪ್ಪ ಅನ್ನುತ್ತಾರೆ. ಮಾಲಕರು ಬಾಯಿಗೆ ಬಂದ ಹಾಗೆ ಒತ್ತು ಹಚ್ಚಿದ್ದರು, ತಕ್ಕೆ ತ. ಪತ್ರಿಕೆಯಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಐಗಳಿಯ ಶ್ರೀ ಸತ್ತಪ್ಪ ಇವರ ಪುತ್ರ'.

ಜಗುಲಿಯ ಮೇಲಿನ ದೇವರು ಓದಿಯೂ ಸುಮ್ಮನಿದ್ದ. ಯಾರು ಯಾವಾಗ ಹೋಗಬೇಕೆಂಬುದು ಅವನಿಗೆ ಗೊತ್ತಿರುತ್ತದೆ. ಬೀಗರಿಗೆ ಗೊತ್ತಿರುವುದಿಲ್ಲ. ಮಾಲಕರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಮೂರನೆಯ ಸಲ ಓದಲಾರದೆ, ಒಳಕೋಣೆಗೆ ಹೋಗಿ ಕಾಗದದ ಗಂಟಿನ ಮೇಲೆ ಕುಳಿತುಬಿಟ್ಟರು. ಲಗ್ನ ಹೋಯಿತು, ಮಗಳಿಗೆ ಏನು ಹೇಳಲಿ ಎಂಬುದೊಂದೇ ಮಾತು.

ಊಟದ ಹೊತ್ತಿಗೆ ಬಾಗಿಲ ಮುಂದೆ ಮೋಟಾರ್‌ಸೈಕಲ್ ನಿಂತಿತು. ಬಿಳಿ ಟೋಪಿಯ ಎತ್ತರದ ಮನುಷ್ಯರೊಬ್ಬರು ಇಳಿದು, ಕೈಯಲ್ಲಿ ಪತ್ರಿಕೆ ಹಿಡಿದು ಮೆಟ್ಟಿಲ ಮೇಲೆ ನಿಂತರು. ಮುಖದಲ್ಲಿ ನಗುವಿರಲಿಲ್ಲ.

"ಒಳಗ ಹೇಳ್ರಿ," ಎಂದರು. "ಐಗಳಿ ಸತ್ತಪ್ಪ ಬಂದಾನಂತ."

ಮಾಲಕರು ಹೊರಗೆ ಬಂದು ಕೈಮುಗಿದರು. ನಾನೇ ನಿಧಾನವಾಗಿ ಮೊದಲಿನಿಂದ ಹೇಳಿದೆ. ಲಿನಕ್ಸು, ಹಳೇ ವರ್ಷನ್ನು, ಹೋಲ್ಡು, ಹಾಕದೆ ಉಳಿದ ಪಿನ್ನು, ಹಿರಿಯರು ಕೇಳಿದ್ದು, ಇವರು ಹೂಂ ಅಂದದ್ದು. ಬೀಗರು ಒಂದು ಮಾತನ್ನೂ ಬಿಡದೆ ಕೇಳಿದರು. ಆಮೇಲೆ ಕಂಪ್ಯೂಟರಿನ ಕೋಣೆಗೆ ಹೊರಟರು. ಬಾಗಿಲಲ್ಲಿ ಮಾಲಕರ ಚಪ್ಪಲಿ ಕಂಡು ತಾವೂ ಚಪ್ಪಲಿ ಬಿಟ್ಟರು. ಒಳಗೆ ಹೋಗಿ ಬೊಟ್ಟು ಹಚ್ಚಿದ ಆ ಪರದೆಯನ್ನು ಬಹಳ ಹೊತ್ತು ನೋಡಿದರು.

ಹೊರಬಂದು ಪತ್ರಿಕೆಯನ್ನು ಮಾಲಕರ ಕೈಗಿಟ್ಟರು.

"ಲಗ್ನ ಹೇಳಿದ ದಿನಾನ ಆಗ್ಲಿ ಬೀಗರ. ಆದ್ರ ಒಂದ್ ಮಾತ. ಅದನ್ನ ಮಾಡಿದಂಗ ನನ್ನೂ ಹಳೇ ವರ್ಷನ್ನಿನಾಗ ಹೋಲ್ಡ್ ಮಾಡಿಡ್ರಿ. ನನ್ನ ಕೇಳದೆ ಮ್ಯಾಲಕ್ಕ ಅಪ್‌ಗ್ರೇಡ್ ಮಾಡಬ್ಯಾಡ್ರಿ."